ಐಬುಪ್ರೊಫೆನ್ ಬದಲಿಗೆ ಯಾವುದು? ಮೊದಲು ಯಾಕೆ ಬಿಡಬೇಕಾಯಿತು ನೋಡಿ

ನೋವು, ಜ್ವರಕ್ಕೆ ನುಂಗುವ ಐಬುಪ್ರೊಫೆನ್‌ಗೆ ಬದಲಿ ಹುಡುಕುವವರೆಲ್ಲ ಕೇಳುವ ಪ್ರಶ್ನೆ ಒಂದೇ, ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಒಬ್ಬರಿಗೆ ಎದೆಯುರಿ. ಇನ್ನೊಬ್ಬರಿಗೆ ಕ್ರಿಯಾಟಿನಿನ್ ಏರಿದೆ, ಅಂದರೆ ಕಿಡ್ನಿ ಸೋತಿದೆ. ಮತ್ತೊಬ್ಬರಿಗೆ ಸ್ಟೆಂಟ್ ಹಾಕಿ ರಕ್ತ ತೆಳುವಾಗಿಸುವ ಮಾತ್ರೆ ಶುರುವಾಗಿದೆ. ನಾಲ್ಕನೆಯವರಿಗೆ ಬೇರೆ ತೊಂದರೆ ಏನೂ ಇಲ್ಲ, ಮಾತ್ರೆ ನುಂಗಿದರೂ ನೋವು ಇಳಿಯುತ್ತಿಲ್ಲ ಅಷ್ಟೆ. ಈ ನಾಲ್ವರಿಗೂ ಒಂದೇ ಮಾತ್ರೆ ಹೇಳುವವರ ಮಾತು ಕೇಳಬೇಡಿ. ಎದೆಯುರಿಯವರಿಗೆ ಒಗ್ಗಬಹುದಾದ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ, ಕ್ರಿಯಾಟಿನಿನ್ ಏರಿದವರಿಗೆ ಐಬುಪ್ರೊಫೆನ್‌ನಷ್ಟೇ ಕೆಡುಕು.

ಹೆಚ್ಚಿನವರು ಎಡವುವುದು ಇಲ್ಲೇ. ಐಬುಪ್ರೊಫೆನ್ ಬೇಡ ಎಂದ ಕೂಡಲೇ ಡೈಕ್ಲೊಫೆನಾಕ್ ತಗೊಳ್ಳುತ್ತಾರೆ, ಅದೂ ಬೇಡವೆಂದರೆ ಅಸಿಕ್ಲೊಫೆನಾಕ್, ಆಮೇಲೆ ಎಟೊರಿಕಾಕ್ಸಿಬ್. ಹೆಸರು ಬೇರೆ, ಮನೆತನ ಒಂದೇ. ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್, ಕೀಟೊರೊಲ್ಯಾಕ್, ಪಿರಾಕ್ಸಿಕ್ಯಾಂ, ಮೆಲಾಕ್ಸಿಕ್ಯಾಂ, ಇಂಡೊಮೆಥಾಸಿನ್, ಆಸ್ಪಿರಿನ್ ಎಲ್ಲವೂ ಇದೇ ಮನೆಯವು. ಅಸಿಕ್ಲೊಫೆನಾಕ್‌ನ ಒಂದಂಶವಂತೂ ದೇಹದೊಳಗೆ ಹೋಗಿ ಡೈಕ್ಲೊಫೆನಾಕ್ ಆಗಿಯೇ ಬದಲಾಗುತ್ತದೆ.

ಇವೆಲ್ಲ ಮಾಡುವ ಕೆಲಸವೂ ಒಂದೇ. ದೇಹದಲ್ಲಿ ಕಾಕ್ಸ್ ಎಂಬ ಕಿಣ್ವ ಇದೆ. ಅದು ಪ್ರೊಸ್ಟಾಗ್ಲಾಂಡಿನ್ ತಯಾರಿಸುತ್ತದೆ, ಅದರಿಂದಲೇ ನೋವು, ಊತ, ಜ್ವರ. ಆಸ್ಪಿರಿನ್ ಜಾತಿಯ ಔಷಧಗಳು ಈ ತಯಾರಿಯನ್ನೇ ನಿಲ್ಲಿಸುತ್ತವೆ ಎಂದು ಬ್ರಿಟನ್ನಿನ ಔಷಧವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ತೊಡಕೇನೆಂದರೆ ಇದೇ ಪ್ರೊಸ್ಟಾಗ್ಲಾಂಡಿನ್ ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಕಿಡ್ನಿಗೆ ರಕ್ತ ಹರಿಯುವ ನಾಳವನ್ನು ಅಗಲವಾಗಿಡುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಲು ಬೇಕಾದ ಥ್ರಾಂಬಾಕ್ಸೇನ್ ಕೂಡ ಇದೇ ಕಿಣ್ವದ ದಾರಿಯಲ್ಲಿ ತಯಾರಾಗುವಂಥದ್ದು. ಹಾಗಾಗಿ ಹುಣ್ಣು, ಕಿಡ್ನಿ, ರಕ್ತಸ್ರಾವ ಮೂರನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿಯೇ ಬದಲಿ ಆರಿಸಬೇಕು.

ಇನ್ನೊಂದು ತಪ್ಪು ನಂಬಿಕೆ: ಊಟವಾದ ಮೇಲೆ ನುಂಗಿದರೆ ಹುಣ್ಣಾಗುವುದಿಲ್ಲ ಎನ್ನುವುದು. ಹೊಟ್ಟೆಯ ಕಸಿವಿಸಿ ಕಡಿಮೆಯಾಗಬಹುದು, ಹುಣ್ಣು ತಪ್ಪುವುದಿಲ್ಲ. ಹಾನಿಯ ದೊಡ್ಡ ಪಾಲು ರಕ್ತದ ಮೂಲಕವೇ ಜಠರಕ್ಕೆ ತಲುಪುತ್ತದೆ. ಅದಕ್ಕೇ ಇಂಜೆಕ್ಷನ್ ತಗೊಂಡರೂ, ಗುದದ್ವಾರದಲ್ಲಿ ಇಡುವ ಗುಳಿಗೆ ಬಳಸಿದರೂ ಹುಣ್ಣಾಗುತ್ತದೆ.

ಪ್ಯಾರಸಿಟಮಾಲ್: ಮೊದಲ ಬದಲಿ, ಆದರೆ ಎಲ್ಲ ನೋವಿಗಲ್ಲ

ಹೊಟ್ಟೆ, ಕಿಡ್ನಿ, ಹೃದಯ, ಗರ್ಭ, ಆಸ್ತಮಾ, ಯಾವ ಕಾರಣಕ್ಕೆ ಐಬುಪ್ರೊಫೆನ್ ಬಿಟ್ಟಿದ್ದರೂ ಮೊದಲು ನೋಡಬೇಕಾದದ್ದು ಪ್ಯಾರಸಿಟಮಾಲ್. ದೊಡ್ಡವರಿಗೆ ಒಮ್ಮೆಗೆ 500ರಿಂದ 1000 ಮಿಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ. 24 ಗಂಟೆಯಲ್ಲಿ 4000 ಮಿಗ್ರಾಂ ದಾಟುವಂತಿಲ್ಲ. ತೂಕ 50 ಕಿಲೋಗಿಂತ ಕಡಿಮೆ ಇರುವವರು, ದಿನವೂ ಕುಡಿಯುವವರು, ಊಟ ಬಿಟ್ಟು ಸೊರಗಿದವರು, ಲಿವರ್ ತೊಂದರೆ ಇರುವವರು 2000 ಮಿಗ್ರಾಂ ಆಸುಪಾಸಿನಲ್ಲೇ ನಿಲ್ಲಿಸಿ ವೈದ್ಯರನ್ನು ಕೇಳಬೇಕು.

ಜ್ವರ, ತಲೆನೋವು, ಹಲ್ಲು ಕೀಳಿಸಿದ ಮೇಲಿನ ನೋವಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಊದಿಕೊಂಡ ಮಂಡಿಗೆ, ಸಂಧಿವಾತಕ್ಕೆ ದುರ್ಬಲ, ಯಾಕೆಂದರೆ ಉರಿಯೂತ ಇಳಿಸುವ ಶಕ್ತಿ ಇದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಹಠಾತ್ ಸೊಂಟನೋವಿಗೂ ಅಷ್ಟೆ: 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಪ್ಯಾರಸಿಟಮಾಲ್ ತಗೊಂಡವರೂ ಔಷಧವಿಲ್ಲದ ಹುಸಿ ಮಾತ್ರೆ ತಗೊಂಡವರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಚೇತರಿಸಿಕೊಂಡರು.

ಅಪಾಯ ಇರುವುದು ಲಿವರ್‌ಗೆ. ಪ್ಯಾರಸಿಟಮಾಲ್ ಒಡೆಯುವಾಗ ಒಂದು ಸಣ್ಣ ಪಾಲು ವಿಷವಾಗುತ್ತದೆ, ಲಿವರ್‌ನಲ್ಲಿರುವ ಗ್ಲುಟಾಥಿಯೋನ್ ಅದನ್ನು ಹಿಡಿದು ಹೊರಹಾಕುತ್ತದೆ. ಡೋಸ್ ಮೀರಿದರೆ ಗ್ಲುಟಾಥಿಯೋನ್ ಬರಿದಾಗಿ ವಿಷ ಉಳಿಯುತ್ತದೆ. ಮೀರುವುದು ಎಷ್ಟು ಸುಲಭ ಎನ್ನುವುದಕ್ಕೆ ಈ ಲೆಕ್ಕ ನೋಡಿ. ಮೈಕೈನೋವಿಗೆ 650ರ ಮಾತ್ರೆ ದಿನಕ್ಕೆ ನಾಲ್ಕು: 2600. ಜೊತೆಗೆ ಮೂಗು ಕಟ್ಟಿದೆಯೆಂದು ಶೀತದ ಮಾತ್ರೆ ದಿನಕ್ಕೆ ಮೂರು, ಅದರ ಒಂದೊಂದರೊಳಗೂ 500 ಮಿಗ್ರಾಂ ಪ್ಯಾರಸಿಟಮಾಲ್: 1500. ಒಟ್ಟು 4100. ಎರಡೂ ಮಾತ್ರೆಗಳನ್ನು ಹೇಳಿದಷ್ಟೇ ನುಂಗಿದವರು ಮಿತಿ ದಾಟಿ ಆಯಿತು. ಸ್ಟ್ರಿಪ್ಪಿನ ಮುಂದಿನ ದಪ್ಪಕ್ಷರ ಬಿಟ್ಟು, ಹಿಂದೆ ಚಿಕ್ಕದಾಗಿ ಅಚ್ಚಾದ ಮೂಲ ಔಷಧದ ಹೆಸರು ಮತ್ತು ಮಿಗ್ರಾಂ ಓದಿ. ಅಸಿಕ್ಲೊಫೆನಾಕ್, ಟ್ರಮಡಾಲ್ ಇವುಗಳ ಜೋಡಿ ಮಾತ್ರೆಗಳಲ್ಲೂ 325 ಮಿಗ್ರಾಂ ಪ್ಯಾರಸಿಟಮಾಲ್ ಸೇರಿರುವುದು ಮಾಮೂಲು.

ಮಿತಿ ಮೀರಿದೆ ಎಂದು ಗೊತ್ತಾದರೆ ಲಕ್ಷಣಕ್ಕೆ ಕಾಯಬೇಡಿ. ಮೊದಲ ದಿನ ವಾಕರಿಕೆ ಬಿಟ್ಟರೆ ಏನೂ ಕಾಣಿಸದೇ ಇರಬಹುದು. ಎನ್-ಅಸಿಟೈಲ್‌ಸಿಸ್ಟೈನ್ ಎಂಬ ಪ್ರತಿವಿಷ ಇದೆ. ನುಂಗಿದ 8 ಗಂಟೆಯೊಳಗೆ ಶುರುವಾದರೆ ಲಿವರ್ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಲಿವರ್ ಕೆಟ್ಟ ಲಕ್ಷಣ ಕಾಣುವ ಹೊತ್ತಿಗೆ ಆ 8 ಗಂಟೆ ಎಂದೋ ಕಳೆದಿರುತ್ತದೆ.

ಬಿಪಿ ಇರುವವರಿಗೆ ಒಂದು ಕಿವಿಮಾತು: ನೀರಲ್ಲಿ ಕರಗಿಸಿ ಕುಡಿಯುವ ಬುರುಗು ಮಾತ್ರೆಯ ಒಂದೊಂದರಲ್ಲೂ ಸುಮಾರು 400 ಮಿಗ್ರಾಂ ಸೋಡಿಯಂ ಇರಬಹುದು. ದಿನಕ್ಕೆ ಎಂಟು ಮಾತ್ರೆ ಎಂದರೆ ಇಡೀ ದಿನದ ಉಪ್ಪಿನ ಮಿತಿ ಅಲ್ಲಿಯೇ ದಾಟಿತು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ದಿನಕ್ಕೆ 2000 ಮಿಗ್ರಾಂ ಮೇಲೆ ಹಲವು ದಿನ ಸತತವಾಗಿ ತಗೊಂಡರೆ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರುತ್ತದೆ; ಮಧ್ಯೆ ಒಮ್ಮೆ ಪರೀಕ್ಷೆ ಮಾಡಿಸಿ.

ಹಚ್ಚುವ ಜೆಲ್: ಸರಿಯಾಗಿ ಹಚ್ಚಿದವರು ಕಡಿಮೆ

ನೋವು ಒಂದೇ ಜಾಗದಲ್ಲಿದ್ದು ಕೀಲು ಚರ್ಮಕ್ಕೆ ಹತ್ತಿರವಿದ್ದರೆ, ಅಂದರೆ ಮಂಡಿ, ಬೆರಳ ಗಂಟು, ಮಣಿಕಟ್ಟು, ಪಾದದ ಉಳುಕು ಇಂಥವಕ್ಕೆ, ನಮ್ಮ ಮೊದಲ ಆಯ್ಕೆ ಡೈಕ್ಲೊಫೆನಾಕ್ ಜೆಲ್. ಮಾತ್ರೆಗಿಂತ ಮುಂಚೆ ಇದನ್ನು ನೋಡಬೇಕು. ಔಷಧ ನೋವಿರುವಲ್ಲೇ ಇಳಿಯುತ್ತದೆ. ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗ ಸೇರುವುದರ ಶೇ 6ರಷ್ಟು. ಸೊಂಟ, ತೊಡೆಯ ಸಂದಿನ ಕೀಲು ಬಹಳ ಆಳದಲ್ಲಿವೆ, ಅಲ್ಲಿಗೆ ಜೆಲ್ ತಲುಪುವುದಿಲ್ಲ.

‘ಹಚ್ಚಿ ನೋಡಿದೆ, ಏನೂ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಹಚ್ಚಿರುವುದು ಕಡಲೆಕಾಳಿನಷ್ಟು. ಶೇ 1ರ ಜೆಲ್ ಆದರೆ ಒಂದು ಮಂಡಿಗೆ ಒಮ್ಮೆಗೆ 4 ಗ್ರಾಂ, ಕೈಗೆ ಅಥವಾ ಮೊಣಕೈಗೆ 2 ಗ್ರಾಂ, ದಿನಕ್ಕೆ ನಾಲ್ಕು ಬಾರಿ. ಡೋಸ್ ಅಳೆಯುವ ಕಾರ್ಡ್ ಜೊತೆಗೆ ಬರುವ ಟ್ಯೂಬಿನಲ್ಲಿ 4 ಗ್ರಾಂ ಎಂದರೆ ಸುಮಾರು 11 ಸೆಂಟಿಮೀಟರ್ ಉದ್ದದ ಗೆರೆ. ಲೆಕ್ಕ ಹಾಕಿ: ಒಂದು ಮಂಡಿಗೆ ದಿನಕ್ಕೆ 16 ಗ್ರಾಂ, 30 ಗ್ರಾಂ ಟ್ಯೂಬ್ ಎರಡು ದಿನಕ್ಕೂ ಸಾಲದು. ತಿಂಗಳಿಗೊಂದು ಟ್ಯೂಬ್ ಬಳಸುವವರು ಔಷಧ ಹಚ್ಚುತ್ತಿಲ್ಲ, ವಾಸನೆ ಹಚ್ಚುತ್ತಿದ್ದಾರೆ. ಮೈಯ ಎಲ್ಲ ಕೀಲುಗಳದ್ದೂ ಸೇರಿ ದಿನಕ್ಕೆ 32 ಗ್ರಾಂ ಗರಿಷ್ಠ.

ಟ್ಯೂಬಿನ ಮೇಲೆ ಶೇ 1.16 ಡೈಕ್ಲೊಫೆನಾಕ್ ಡೈಇಥೈಲಮೈನ್ ಎಂದಿದ್ದರೆ ಗಾಬರಿ ಬೇಡ. ಅದೂ ಶೇ 1ರ ಡೈಕ್ಲೊಫೆನಾಕ್ ಸೋಡಿಯಂ ಕೂಡ ಒಂದೇ ಬಲದವು. ಶೇ 2.32 ಎಂದಿರುವುದು ಎರಡು ಪಟ್ಟು. ಅದನ್ನು ದಿನಕ್ಕೆ ಎರಡೇ ಬಾರಿ ಹಚ್ಚಬೇಕು. ಹಚ್ಚಿದ ಮೇಲೆ ಬಟ್ಟೆ ಮುಚ್ಚುವ ಮುಂಚೆ 10 ನಿಮಿಷ ಬಿಡಿ, ಒಂದು ಗಂಟೆ ತೊಳೆಯಬೇಡಿ. ಬೆರಳ ಗಂಟಿಗೆ ಹಚ್ಚಿದವರು ಹಚ್ಚಿದ ಕೂಡಲೇ ಕೈ ತೊಳೆದುಬಿಡುತ್ತಾರೆ, ಅಲ್ಲಿಗೆ ಔಷಧ ನೀರಿನ ಪಾಲು. ಮೇಲೆ ಬಿಗಿಯಾಗಿ ಬ್ಯಾಂಡೇಜ್ ಸುತ್ತುವುದು, ಬಿಸಿನೀರಿನ ಚೀಲ ಇಡುವುದು ಬೇಡ. ಚರ್ಮ ಕೆರಳುತ್ತದೆ, ರಕ್ತಕ್ಕೆ ಸೇರುವ ಪಾಲೂ ಹೆಚ್ಚುತ್ತದೆ. ಉಳುಕಿಗೆ ಒಂದು ವಾರದಲ್ಲಿ ಗುಣ ಗೊತ್ತಾಗಬೇಕು. ಸವೆದ ಮಂಡಿಗೆ ಎರಡರಿಂದ ನಾಲ್ಕು ವಾರ ಕೊಟ್ಟು ನೋಡಿ, ಆಮೇಲೆ ತೀರ್ಮಾನಿಸಿ.

ಕೀಟೊಪ್ರೊಫೆನ್ ಜೆಲ್ ಕೂಡ ಕೆಲಸ ಮಾಡುತ್ತದೆ. ಆದರೆ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು. ನಿಲ್ಲಿಸಿದ ಮೇಲೂ ಎರಡು ವಾರ ಆ ಜಾಗ ಮುಚ್ಚಿಕೊಂಡಿರಬೇಕು.

ಕ್ಯಾಪ್ಸೈಸಿನ್ ಕ್ರೀಮು, ಮೆಣಸಿನಕಾಯಿಯ ಖಾರದ ಸಾರ, ಬೇರೆಯೇ ದಾರಿಯದು. ಕಾಕ್ಸ್ ಕಿಣ್ವಕ್ಕೂ ಇದಕ್ಕೂ ಸಂಬಂಧವಿಲ್ಲ, ಹಾಗಾಗಿ ಕಿಡ್ನಿ, ಹೃದಯ, ಹೊಟ್ಟೆ ಯಾವುದರ ಚಿಂತೆಯೂ ಇಲ್ಲ. ಶೇ 0.025ರಿಂದ 0.075ರ ಕ್ರೀಮನ್ನು ದಿನಕ್ಕೆ ಮೂರು ನಾಲ್ಕು ಬಾರಿ ತಪ್ಪದೆ ಹಚ್ಚಿದರೆ ಎರಡರಿಂದ ನಾಲ್ಕು ವಾರಕ್ಕೆ ಗುಣ ಕಾಣುತ್ತದೆ. ಮೊದಲ ವಾರ ಉರಿಯುತ್ತದೆ. ಉರಿಗೆ ಹೆದರಿ ದಿನಕ್ಕೊಮ್ಮೆ ಹಚ್ಚಿದರೆ ಉರಿ ಮಾತ್ರ ಉಳಿಯುತ್ತದೆ, ಗುಣ ಸಿಗುವುದಿಲ್ಲ. ಕೈಗವಸು ಹಾಕಿಕೊಂಡೇ ಹಚ್ಚಿ. ಅದೇ ಕೈ ಕಣ್ಣಿಗೆ ಹೋದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಘಾಟು ವಾಸನೆಯ ಮುಲಾಮುಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ನಂಟ. ವಾರ್ಫರಿನ್ ತಗೊಳ್ಳುವವರು ಇದನ್ನು ಮೈತುಂಬ ತಿಕ್ಕಿಕೊಂಡರೆ ಐಎನ್ಆರ್ ಏರಿ ರಕ್ತಸ್ರಾವವಾಗಬಹುದು. ಶುದ್ಧ ವಿಂಟರ್‌ಗ್ರೀನ್ ಎಣ್ಣೆಯ ಒಂದು ಟೀ ಚಮಚ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. ಮಗು ಕುಡಿದರೆ ಜೀವಕ್ಕೇ ಕುತ್ತು. ಮಕ್ಕಳ ಕೈಗೆ ಎಟುಕದಲ್ಲಿ ಇಡಿ.

ಅದೇ ಮನೆತನದೊಳಗೆ ಬದಲಾಯಿಸುವುದಾದರೆ

ಉರಿಯೂತ ಇಳಿಸುವ ಮಾತ್ರೆಯೇ ಬೇಕು, ಐಬುಪ್ರೊಫೆನ್ ಮಾತ್ರ ಒಗ್ಗುತ್ತಿಲ್ಲ ಎಂದಾದರೆ ಹೊಟ್ಟೆ ಮತ್ತು ಹೃದಯವನ್ನು ತೂಗಿ ನೋಡಬೇಕು. 2013ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಹೆಚ್ಚಿನ ಡೋಸಿನಲ್ಲಿ ಡೈಕ್ಲೊಫೆನಾಕ್ (ದಿನಕ್ಕೆ 150 ಮಿಗ್ರಾಂ) ಮತ್ತು ಕಾಕ್ಸಿಬ್‌ಗಳು (ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಜಾತಿಯವು) ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅವಘಡಗಳನ್ನು ಸುಮಾರು ಮೂರನೇ ಒಂದು ಪಾಲಿನಷ್ಟು ಹೆಚ್ಚಿಸಿದವು. ನ್ಯಾಪ್ರೊಕ್ಸೆನ್ (ದಿನಕ್ಕೆ 1000 ಮಿಗ್ರಾಂ) ಹೆಚ್ಚಿಸಲಿಲ್ಲ. ಹೊಟ್ಟೆಯ ವಿಷಯದಲ್ಲಿ ಚಿತ್ರ ತಿರುಗಾಮುರುಗಾ: ಜಠರದ ರಕ್ತಸ್ರಾವ ಮುಂತಾದವು ಕಾಕ್ಸಿಬ್, ಡೈಕ್ಲೊಫೆನಾಕ್‌ನಲ್ಲಿ ಸುಮಾರು ಎರಡು ಪಟ್ಟು, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್‌ನಲ್ಲಿ ಸುಮಾರು ನಾಲ್ಕು ಪಟ್ಟು. ಹೃದಯ ವೈಫಲ್ಯದ ಅಪಾಯ ಮಾತ್ರ ಎಲ್ಲದರಲ್ಲೂ ಸರಿಸುಮಾರು ಎರಡು ಪಟ್ಟಾಯಿತು. ಆದ್ದರಿಂದ ಹೃದಯ ದುರ್ಬಲವಾಗಿ ಕಾಲು ಊದುವವರಿಗೆ ಈ ಮನೆಯಲ್ಲಿ ಯಾವುದೂ ಒಳ್ಳೆಯದಲ್ಲ.

ನ್ಯಾಪ್ರೊಕ್ಸೆನ್‌ನ ಇನ್ನೊಂದು ಅನುಕೂಲ, ಅದು ದೇಹದಲ್ಲಿ ಉಳಿಯುವ ಹೊತ್ತು. ಐಬುಪ್ರೊಫೆನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಬೇಕಾದ ಹೊತ್ತು, ಸುಮಾರು 2 ಗಂಟೆ. ನ್ಯಾಪ್ರೊಕ್ಸೆನ್‌ನದು 12ರಿಂದ 17. ದಿನಕ್ಕೆ ಎರಡು ಬಾರಿ 250 ಇಲ್ಲವೇ 500 ಮಿಗ್ರಾಂ ಸಾಕು. ರಾತ್ರಿ ನುಂಗಿದರೆ ಬೆಳಗಿನ ಬಿಗಿತಕ್ಕೂ ಬರುತ್ತದೆ. ಅದೇ ಗುಣ ದೋಷವೂ ಹೌದು: ತೊಂದರೆ ಕಂಡು ನಿಲ್ಲಿಸಿದರೂ ಒಂದೆರಡು ದಿನ ಒಳಗೇ ಇರುತ್ತದೆ.

ಸೆಲೆಕಾಕ್ಸಿಬ್ (ದಿನಕ್ಕೆ 200 ಮಿಗ್ರಾಂ ಒಮ್ಮೆ, ಅಥವಾ 100ರಂತೆ ಎರಡು ಬಾರಿ) ಉರಿಯೂತದ ಕಡೆಯ ಕಾಕ್ಸ್-2 ಅನ್ನೇ ಹೆಚ್ಚು ತಡೆಯುತ್ತದೆ, ಜಠರವನ್ನು ಕಾಯುವ ಕಾಕ್ಸ್-1 ತಂಟೆಗೆ ಹೆಚ್ಚು ಹೋಗುವುದಿಲ್ಲ. ಪ್ಲೇಟ್‌ಲೆಟ್‌ಗಳನ್ನೂ ಮುಟ್ಟುವುದಿಲ್ಲ. ಇದರ ಸೋದರ ರೋಫಿಕಾಕ್ಸಿಬ್ ಹೃದಯಾಘಾತದ ಕಾರಣಕ್ಕೆ 2004ರಲ್ಲಿ ಮಾರುಕಟ್ಟೆಯಿಂದಲೇ ಹೋಯಿತು, ಅಂದಿನಿಂದ ಇಡೀ ಗುಂಪಿನ ಮೇಲೆ ಅನುಮಾನ ಉಳಿಯಿತು. 2016ರ ಪ್ರಯೋಗದಲ್ಲಿ ಮಧ್ಯಮ ಡೋಸಿನ ಸೆಲೆಕಾಕ್ಸಿಬ್ ಹೃದಯದ ವಿಷಯದಲ್ಲಿ ಐಬುಪ್ರೊಫೆನ್‌ಗಿಂತಲೂ ನ್ಯಾಪ್ರೊಕ್ಸೆನ್‌ಗಿಂತಲೂ ಕೆಟ್ಟದ್ದೇನಲ್ಲ ಎಂದು ಗೊತ್ತಾಯಿತು. ಆದರೆ ಹೃದಯಕ್ಕೆಂದು ಸಣ್ಣ ಡೋಸಿನ ಆಸ್ಪಿರಿನ್ ತಗೊಳ್ಳುವವರಿಗೆ ಸೆಲೆಕಾಕ್ಸಿಬ್‌ನ ಹೊಟ್ಟೆಯ ಲಾಭ ಬಹುಪಾಲು ಅಳಿಸಿಹೋಗುತ್ತದೆ. ಎಟೊರಿಕಾಕ್ಸಿಬ್ ಇನ್ನೂ ಬಿಗಿ. ಬಿಪಿ 140/90 ದಾಟಿ ಹಿಡಿತಕ್ಕೆ ಬಾರದವರು ಅದನ್ನು ಮುಟ್ಟಬಾರದು.

ಡೈಕ್ಲೊಫೆನಾಕ್ ಮಾತ್ರೆಯನ್ನು ಬದಲಿಯಾಗಿ ನಾವು ಹೇಳುವುದಿಲ್ಲ. ಹೃದಯದ ಅಪಾಯ ಕಾಕ್ಸಿಬ್‌ನಷ್ಟೇ, ಕಾಕ್ಸಿಬ್‌ಗಿಂತ ಹೆಚ್ಚಿನ ಲಾಭವೇನೂ ಕಾಣದು. ಹೃದಯರೋಗ, ಪಾರ್ಶ್ವವಾಯು ಆದವರಿಗೆ ಇದು ಬೇಡವೆಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಹೇಳಿದ್ದಾರೆ. ನಿಮೆಸುಲೈಡ್ ಅಂತೂ ಬೇಡವೇ ಬೇಡ. ಲಿವರ್ ಹಾನಿಯ ಕಾರಣಕ್ಕೆ ಫಿನ್ಲೆಂಡ್, ಸ್ಪೇನ್ 2002ರಲ್ಲಿ, ಐರ್ಲೆಂಡ್ 2007ರಲ್ಲಿ ಅದನ್ನು ಹಿಂತೆಗೆದವು.

ಹೊಟ್ಟೆಯ ಅಪಾಯವಿದ್ದೂ ಈ ಮನೆಯ ಮಾತ್ರೆಯೇ ಬೇಕೆಂದಾದರೆ ಜೊತೆಗೆ ಒಮೆಪ್ರಜೋಲ್ 20 ಮಿಗ್ರಾಂ ಇಲ್ಲವೇ ಅದರ ಜಾತಿಯದು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ. 65 ದಾಟಿದವರು, ಹಿಂದೆ ಹುಣ್ಣಾದವರು, ಸ್ಟೀರಾಯ್ಡ್ ತಗೊಳ್ಳುವವರು ಇದಿಲ್ಲದೆ ಶುರುಮಾಡಬಾರದು. ಇದು ಕಾಯುವುದು ಜಠರವನ್ನೂ ಕರುಳಿನ ಮೊದಲ ತುಂಡನ್ನೂ, ಅದರ ಕೆಳಗಿನ ಕರುಳನ್ನಲ್ಲ. ಕಿಡ್ನಿಗಂತೂ ಏನೂ ಉಪಯೋಗವಿಲ್ಲ.

ಕಾರಣ ಕಿಡ್ನಿಯಾದರೆ, ರಕ್ತವಾದರೆ, ಉಸಿರಾದರೆ

ಕಿಡ್ನಿ ದುರ್ಬಲವಾದವರಲ್ಲಿ ಪ್ರೊಸ್ಟಾಗ್ಲಾಂಡಿನ್ ತನ್ನ ಕೈಲಾದಷ್ಟು ರಕ್ತನಾಳ ಅಗಲಿಸಿ ಕೆಲಸ ನಡೆಸುತ್ತಿರುತ್ತದೆ. ಐಬುಪ್ರೊಫೆನ್ ಮನೆತನದ ಮಾತ್ರೆ ಆ ಆಸರೆಯನ್ನೇ ಕಿತ್ತುಬಿಡುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಐಬುಪ್ರೊಫೆನ್: ಈ ಮೂರರ ಕೂಟವೇ ಅತಿ ಕೆಟ್ಟದ್ದು. ವಾಂತಿ ಭೇದಿಯಾಗಿ ನೀರು ಕಳೆದುಕೊಂಡ ದಿನ ಇದನ್ನು ನುಂಗಿದರೆ ಎರಡೇ ದಿನದಲ್ಲಿ ಕ್ರಿಯಾಟಿನಿನ್ ಏರಬಹುದು. ಇಜಿಎಫ್ಆರ್ (ಕಿಡ್ನಿ ರಕ್ತ ಸೋಸುವ ವೇಗದ ಲೆಕ್ಕ) 30ಕ್ಕಿಂತ ಕೆಳಗಿದ್ದರೆ ಈ ಮನೆತನದ ಬಾಗಿಲೇ ಮುಚ್ಚಿತೆಂದು ತಿಳಿಯಿರಿ. ಉಳಿಯುವುದು ಪ್ಯಾರಸಿಟಮಾಲ್, ಕ್ಯಾಪ್ಸೈಸಿನ್, ವೈದ್ಯರು ಒಪ್ಪಿದರೆ ಸ್ವಲ್ಪ ಜಾಗಕ್ಕೆ ಜೆಲ್.

ಹೃದಯಕ್ಕೆಂದು ಆಸ್ಪಿರಿನ್ ತಗೊಳ್ಳುವವರು ಐಬುಪ್ರೊಫೆನ್ ಅನ್ನು ಮೊದಲು ನುಂಗಿದರೆ ಅದು ಪ್ಲೇಟ್‌ಲೆಟ್‌ನ ಬಾಗಿಲಲ್ಲಿ ಕೂತು ಆಸ್ಪಿರಿನ್‌ಗೆ ದಾರಿ ಕೊಡುವುದಿಲ್ಲ. ಅಪರೂಪಕ್ಕೊಮ್ಮೆ ತಗೊಳ್ಳಲೇಬೇಕಾದರೆ ಸಾದಾ ಆಸ್ಪಿರಿನ್ ಆದ 30 ನಿಮಿಷದ ಮೇಲೆ, ಅಥವಾ ಆಸ್ಪಿರಿನ್‌ಗೆ 8 ಗಂಟೆಗೂ ಮುಂಚೆ. ವಾರ್ಫರಿನ್, ಅಪಿಕ್ಸಬಾನ್, ರಿವಾರಾಕ್ಸಬಾನ್ ಇರುವವರಿಗೆ ಇಂಥ ಹೊತ್ತಿನ ಉಪಾಯವೂ ಇಲ್ಲ, ಪ್ಯಾರಸಿಟಮಾಲ್ ಕಡೆಗೇ ಹೋಗಿ. ಖಿನ್ನತೆಗೆ ಕೊಡುವ ಸರ್ಟ್ರಲೀನ್, ಎಸ್ಸಿಟಲೋಪ್ರಾಂ ಜಾತಿಯ ಮಾತ್ರೆಗಳೂ ರಕ್ತಸ್ರಾವ ಹೆಚ್ಚಿಸುತ್ತವೆ, ಇದನ್ನು ಯಾರೂ ಕೇಳಿ ತಿಳಿಯುವುದಿಲ್ಲ. ಲಿಥಿಯಂ, ಮೆಥೊಟ್ರೆಕ್ಸೇಟ್ ತಗೊಳ್ಳುವವರು ಐಬುಪ್ರೊಫೆನ್ ನುಂಗಿದರೆ ಅವುಗಳ ಮಟ್ಟವೇ ಏರಿ ವಿಷವಾಗಬಹುದು.

ಆಸ್ಪಿರಿನ್ ಅಥವಾ ಐಬುಪ್ರೊಫೆನ್ ನುಂಗಿದ ಒಂದೆರಡು ಗಂಟೆಯಲ್ಲಿ ಉಸಿರು ಕಟ್ಟಿ ಮೂಗು ಸೋರುವ ಆಸ್ತಮಾದವರಿಗೆ ಈ ಮನೆತನದ ಹಳೆಯ ಮಾತ್ರೆಗಳೆಲ್ಲ ವರ್ಜ್ಯ. ಅವರಿಗೆ ಪ್ಯಾರಸಿಟಮಾಲ್ ಒಮ್ಮೆಗೆ 500 ಮಿಗ್ರಾಂ ಸಾಮಾನ್ಯವಾಗಿ ಒಗ್ಗುತ್ತದೆ, 1000 ಕೆಲವರಿಗೆ ಒಗ್ಗದು. ಸೆಲೆಕಾಕ್ಸಿಬ್ ಹೆಚ್ಚಿನವರಿಗೆ ಸರಿಹೋಗುತ್ತದೆ, ಮೊದಲ ಡೋಸ್ ಮಾತ್ರ ವೈದ್ಯರ ಎದುರಲ್ಲೇ.

ಗರ್ಭಿಣಿಯರು 20 ವಾರ ಆದಮೇಲೆ ಐಬುಪ್ರೊಫೆನ್ ಮನೆತನದ ಮಾತ್ರೆಗಳನ್ನು ತಾವಾಗಿ ತಗೊಳ್ಳಬಾರದು. ಮಗುವಿನ ಕಿಡ್ನಿ ಸೊರಗಿ ಗರ್ಭದ ನೀರು ಕಡಿಮೆಯಾಗುತ್ತದೆ. 30 ವಾರದ ಮೇಲೆ ಮಗುವಿನ ಹೃದಯದ ಹತ್ತಿರದ ನಾಳವೊಂದು ಅವಧಿಗೆ ಮೊದಲೇ ಮುಚ್ಚಿಕೊಳ್ಳುವ ಭಯ. ವೈದ್ಯರೇ ಬರೆದ ಸಣ್ಣ ಡೋಸಿನ ಆಸ್ಪಿರಿನ್ ಈ ಮಾತಿಗೆ ಹೊರತು. ಹಾಲೂಡಿಸುವ ತಾಯಂದಿರಿಗೆ ಐಬುಪ್ರೊಫೆನ್ ಸಾಮಾನ್ಯವಾಗಿ ಅಡ್ಡಿಯಿಲ್ಲ, ಬದಲಿ ಹುಡುಕುವ ಅಗತ್ಯವೇ ಬರುವುದಿಲ್ಲ.

ಡೆಂಗಿ ಇರಬಹುದು ಎನ್ನುವ ಅನುಮಾನವಿದ್ದಷ್ಟು ದಿನ ಪ್ಯಾರಸಿಟಮಾಲ್ ಮಾತ್ರ. ಮಕ್ಕಳಿಗೆ ಆಸ್ಪಿರಿನ್ ಬದಲಿಯೇ ಅಲ್ಲ, 16 ವರ್ಷದೊಳಗಿನವರಲ್ಲಿ ರೇ ಸಿಂಡ್ರೋಮ್ ಎಂಬ ಮೆದುಳು, ಲಿವರ್ ಕೆಡುವ ಅಪಾಯವಿದೆ. ಪ್ಯಾರಸಿಟಮಾಲ್ ಕಿಲೋಗೆ 10ರಿಂದ 15 ಮಿಗ್ರಾಂ. ಇಲ್ಲಿ ಎಡವುವುದು ಸಿರಪ್ಪಿನ ಬಲದಲ್ಲಿ. 12 ಕಿಲೋ ಮಗುವಿಗೆ 150 ಮಿಗ್ರಾಂ ಬೇಕೆಂದುಕೊಳ್ಳಿ. 5 ಮಿಲೀಲಿಗೆ 120 ಮಿಗ್ರಾಂ ಇರುವ ಸಿರಪ್ಪಾದರೆ 6 ಮಿಲೀ ಸ್ವಲ್ಪ ಮೇಲೆ, 5 ಮಿಲೀಲಿಗೆ 250 ಇರುವುದಾದರೆ 3 ಮಿಲೀ. ಹಳೇ ಬಾಟಲಿಯ ಅಳತೆಯನ್ನೇ ಹೊಸ ಬಾಟಲಿಗೂ ಇಟ್ಟುಕೊಂಡರೆ ಡೋಸ್ ಎರಡು ಪಟ್ಟು.

ಕೆಲಸ ಮಾಡುತ್ತಿಲ್ಲ ಎಂದಾದರೆ

ಮೊದಲು ಡೋಸ್ ನೋಡಿ. ಐಬುಪ್ರೊಫೆನ್ 200 ಮಿಗ್ರಾಂ ನುಂಗಿ ಹತ್ತು ನಿಮಿಷಕ್ಕೆ ‘ಆಗಲಿಲ್ಲ’ ಎನ್ನುವವರಿದ್ದಾರೆ. ದೊಡ್ಡವರಿಗೆ ಸರಿಯಾದ ಡೋಸ್ 400, ಗುಣ ಕಾಣಲು ಅರ್ಧ ಗಂಟೆ, ಪೂರ್ತಿ ಬಲಕ್ಕೆ ಒಂದೆರಡು ಗಂಟೆ. ವೈದ್ಯರನ್ನು ಕೇಳದೆ ದಿನಕ್ಕೆ 1200 ದಾಟಬೇಡಿ. ಬೇರೆ ಅಡ್ಡಿ ಇಲ್ಲದಿದ್ದರೆ ಐಬುಪ್ರೊಫೆನ್ 400 ಜೊತೆ ಪ್ಯಾರಸಿಟಮಾಲ್ 1000 ಒಟ್ಟಿಗೆ ತಗೊಳ್ಳುವುದು ಹಲ್ಲುನೋವು, ಸಣ್ಣ ಶಸ್ತ್ರಚಿಕಿತ್ಸೆಯ ನೋವಿಗೆ ಬಹಳ ಬಲವಾದ ಜೋಡಿ. ದಾರಿ ಬೇರೆಬೇರೆಯಾದ್ದರಿಂದ ಒಂದಕ್ಕೊಂದು ಪೂರಕ.

ಅದಕ್ಕೂ ಬಗ್ಗದಿದ್ದರೆ ನೋವಿನ ಜಾತಿಯೇ ಬೇರೆ ಇರಬಹುದು. ಉರಿ, ಜುಮ್ಮೆನ್ನುವಿಕೆ, ಶಾಕ್ ಹೊಡೆದಂತೆ ಕಾಲಿಗಿಳಿಯುವ ನೋವು ನರದ್ದು; ಅದಕ್ಕೆ ಐಬುಪ್ರೊಫೆನ್ ಎಷ್ಟು ನುಂಗಿದರೂ ಅಷ್ಟೆ. ಅಲ್ಲಿ ವೈದ್ಯರು ಕೊಡುವುದು ರಾತ್ರಿ ಅಮಿಟ್ರಿಪ್ಟಿಲೀನ್ 10 ಮಿಗ್ರಾಂ, ಅಥವಾ ಡ್ಯುಲಾಕ್ಸೆಟೀನ್ 30ರಿಂದ ಶುರುಮಾಡಿ 60, ಅಥವಾ ಗಬಾಪೆಂಟಿನ್, ಪ್ರೀಗಬಾಲಿನ್. ಕೊನೆಯ ಎರಡಕ್ಕೆ ಕಿಡ್ನಿ ನೋಡಿ ಡೋಸ್ ಇಳಿಸಬೇಕು. ವರ್ಷಗಟ್ಟಲೆಯ ಮಂಡಿನೋವಿಗೂ ಡ್ಯುಲಾಕ್ಸೆಟೀನ್ ಒಂದು ದಾರಿ, ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಸಿವಿಸಿ.

ಯೂರಿಕ್ ಆಸಿಡ್‌ನಿಂದ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದಿದ್ದರೆ ಕೋಲ್ಚಿಸೀನ್: ಮೊದಲು 1 ಮಿಗ್ರಾಂ, ಒಂದು ಗಂಟೆ ಬಿಟ್ಟು 0.5. ಮೊದಲ 12 ಗಂಟೆಯಲ್ಲಿ ಶುರುವಾದಷ್ಟೂ ಒಳ್ಳೆಯದು. ಭೇದಿ ಶುರುವಾದರೆ ನಿಲ್ಲಿಸಿ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಜೊತೆ ಇದು ಪ್ರಾಣಾಂತಕವಾಗಬಹುದು. ಕಿಡ್ನಿ ಕೆಟ್ಟಿರುವವರಿಗೆ ಐದು ದಿನದ ಪ್ರೆಡ್ನಿಸೊಲೋನ್ ಹೆಚ್ಚಾಗಿ ಅನುಕೂಲ, ಸಕ್ಕರೆ ಕಾಯಿಲೆ ಇದ್ದರೆ ಆ ಐದು ದಿನ ಸಕ್ಕರೆ ಏರುತ್ತದೆಂದು ಎಣಿಸಿಯೇ ಇರಿ.

ಮೈಗ್ರೇನ್‌ಗೆ ಸುಮಾಟ್ರಿಪ್ಟಾನ್ 50 ಮಿಗ್ರಾಂ, ನೋವು ಶುರುವಾದ ಕೂಡಲೇ, ಹೃದಯರೋಗಿಗಳಿಗೆ ಬೇಡ. ತಿಂಗಳಿಗೆ 10 ದಿನಕ್ಕಿಂತ ಹೆಚ್ಚು ಟ್ರಿಪ್ಟಾನ್, 15 ದಿನಕ್ಕಿಂತ ಹೆಚ್ಚು ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ತಗೊಂಡರೆ ಮಾತ್ರೆಯೇ ತಲೆನೋವು ತರುತ್ತದೆ. ಮುಟ್ಟಿನ ನೋವಿಗಂತೂ ಮೂಲವೇ ಪ್ರೊಸ್ಟಾಗ್ಲಾಂಡಿನ್, ಹಾಗಾಗಿ ಐಬುಪ್ರೊಫೆನ್ ಮನೆತನವನ್ನು ಮೀರಿಸುವ ಮಾತ್ರೆ ಸಿಗುವುದು ಕಷ್ಟ. ಅದು ಒಗ್ಗದಿದ್ದರೆ ಕಿಬ್ಬೊಟ್ಟೆಗೆ ಗಂಟೆಗಟ್ಟಲೆ ಹದವಾದ ಬಿಸಿ, ಪ್ರತಿ ತಿಂಗಳೂ ಕಾಡುವುದಾದರೆ ಹಾರ್ಮೋನ್ ಮಾತ್ರೆ.

ಅಫೀಮು ಜಾತಿಯ ಟ್ರಮಡಾಲ್, ಕೊಡೀನ್ ಹೊಟ್ಟೆಯನ್ನೂ ಕಿಡ್ನಿಯನ್ನೂ ಐಬುಪ್ರೊಫೆನ್‌ನಂತೆ ಕೆಡಿಸುವುದಿಲ್ಲ ನಿಜ. ಬದಲಿಗೆ ಮಲಬದ್ಧತೆ, ತೂಕಡಿಕೆ, ಚಟ. ಟ್ರಮಡಾಲ್ ಫಿಟ್ಸ್ ತರಬಲ್ಲದು, ಖಿನ್ನತೆಯ ಮಾತ್ರೆಯ ಜೊತೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಮಿತಿಮೀರಿ ಜ್ವರ, ನಡುಕ ಬರಬಹುದು. ಎರಡೂ ಲಿವರ್‌ನಲ್ಲಿ ಬದಲಾದ ಮೇಲಷ್ಟೇ ಪೂರ್ತಿ ಬಲ ಪಡೆಯುವವು. ಆ ಬದಲಾವಣೆ ಕೆಲವರಲ್ಲಿ ಆಗುವುದೇ ಇಲ್ಲ, ಕೆಲವರಲ್ಲಿ ಅತಿವೇಗ. ಅದಕ್ಕೇ 12 ವರ್ಷದೊಳಗಿನವರಿಗೆ ಎರಡೂ ನಿಷಿದ್ಧ. ಹಠಾತ್ ಸೊಂಟನೋವು, ಕುತ್ತಿಗೆನೋವಿಗೆ ಅಫೀಮು ಜಾತಿಯ ಮಾತ್ರೆ ಹುಸಿ ಮಾತ್ರೆಗಿಂತ ಮೇಲಲ್ಲ ಎಂದು 2023ರ ಪ್ರಯೋಗವೊಂದು ತೋರಿಸಿದೆ. ಸುಜೆಟ್ರಿಜಿನ್ ಎಂಬ ಹೊಸ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಕಾಕ್ಸ್ ಕಡೆಯದೂ ಅಲ್ಲ, ಅಫೀಮಿನ ಕಡೆಯದೂ ಅಲ್ಲ, ನರದಲ್ಲಿನ ಸೋಡಿಯಂ ದ್ವಾರವನ್ನು ಮುಚ್ಚುತ್ತದೆ. ಸದ್ಯಕ್ಕೆ ಹಠಾತ್ ನೋವಿಗೆ ಮಾತ್ರ.

ಅರಿಶಿನದ ಸಾರದ ಕ್ಯಾಪ್ಸೂಲ್‌ನಿಂದ ಮಂಡಿನೋವು ಒಂದಿಷ್ಟು ಇಳಿದದ್ದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಹೀರಿಕೆ ಹೆಚ್ಚಿಸಲು ಕಾಳುಮೆಣಸಿನ ಸಾರ ಬೆರೆಸಿದ ಕ್ಯಾಪ್ಸೂಲ್‌ಗಳಿಂದ ಲಿವರ್ ಊದಿಕೊಂಡ ಪ್ರಕರಣಗಳೂ ವರದಿಯಾಗಿವೆ, ‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗಬೇಡಿ. ಮೀನೆಣ್ಣೆ ಸಂಧಿವಾತಕ್ಕೆ ಎರಡು ಮೂರು ತಿಂಗಳ ಮೇಲೆ ಸ್ವಲ್ಪ ನೆರವಾಗುತ್ತದೆ, ಇವತ್ತಿನ ನೋವಿಗಲ್ಲ. ಗ್ಲುಕೋಸಮೀನ್ ಮೇಲೆ ನಮಗೆ ಭರವಸೆ ಇಲ್ಲ. ಸವೆದ ಮಂಡಿಗೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ ಇವೆಲ್ಲಕ್ಕಿಂತ ಮೇಲು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಬದಲಾಯಿಸುವ ದಿನ

ಐಬುಪ್ರೊಫೆನ್‌ನಿಂದ ಪ್ಯಾರಸಿಟಮಾಲ್‌ಗೆ ಹೋಗಲು ಕಾಯಬೇಕಿಲ್ಲ, ಕೂಡಲೇ ತಗೊಳ್ಳಬಹುದು. ಅದೇ ಮನೆತನದ ಇನ್ನೊಂದಕ್ಕೆ ಹೋಗುವುದಾದರೆ ಹಳೆಯದರ ಮುಂದಿನ ಡೋಸಿನ ಹೊತ್ತಿಗೆ ಹೊಸದನ್ನು ಶುರುಮಾಡಿ: ಐಬುಪ್ರೊಫೆನ್ ಆದರೆ 6ರಿಂದ 8 ಗಂಟೆ, ನ್ಯಾಪ್ರೊಕ್ಸೆನ್ ಆದರೆ 12 ಗಂಟೆ. ಎರಡನ್ನೂ ಒಟ್ಟಿಗೆ ಯಾವತ್ತೂ ಬೇಡ. ನೋವು ಅಷ್ಟೇನೂ ಹೆಚ್ಚು ಇಳಿಯುವುದಿಲ್ಲ, ಹುಣ್ಣಿನ ಅಪಾಯ ಏರುತ್ತದೆ. ಔಷಧದಂಗಡಿಯಲ್ಲಿ ‘ನೋವಿಗೆ ಏನಾದರೂ ಕೊಡಿ’ ಎನ್ನುವ ಬದಲು ನಾಲ್ಕು ಮಾತು ಹೇಳಿ: ಐಬುಪ್ರೊಫೆನ್ ಯಾಕೆ ಬಿಟ್ಟಿರಿ, ದಿನವೂ ನುಂಗುವ ಮಾತ್ರೆಗಳು ಯಾವುವು, ಕೊನೆಯ ಕ್ರಿಯಾಟಿನಿನ್ ಎಷ್ಟು, ಹಿಂದೆ ಹುಣ್ಣು ಆಗಿತ್ತೇ.

ಬದಲಿಸಿದ ಮೇಲೂ ಕೆಲವು ದಿನ ಕಣ್ಣಿಡಿ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾದರೆ, ವಾಂತಿಯಲ್ಲಿ ಕಾಫಿಪುಡಿಯಂಥದ್ದು ಕಂಡರೆ, ಮೂತ್ರ ಕಡಿಮೆಯಾಗಿ ಕಾಲು ಊದಿದರೆ, ಎದೆ ಬಿಗಿದರೆ, ಕಣ್ಣು ಹಳದಿಯಾದರೆ ಆ ಹೊತ್ತಿಗೇ ಆಸ್ಪತ್ರೆ. ಮುಂಚೆ ಹೊಟ್ಟೆನೋವು ಬರಲೇ ಇಲ್ಲವಲ್ಲ ಎಂದು ತಡಮಾಡಬೇಡಿ. ಈ ಮಾತ್ರೆಗಳ ಹುಣ್ಣು ಎಷ್ಟೋ ಸಲ ರಕ್ತ ಸುರಿಯುವವರೆಗೂ ನೋಯುವುದೇ ಇಲ್ಲ.